ಮನೆ ಡಿವಿಆರ್‌ಗೆ ದೊಡ್ಡ ಹಾರ್ಡ್‌ಡಿಸ್ಕ್ ಹಾಕ್ಕೊಳ್ಳೋದು ಹೇಗೆ: ಅಡಿಕೆ ಮನೆಯವರ ಲೆಕ್ಕ

ಹೊಸನಗರ ಕಡೆ ಇರೋ ನಮ್ಮ ಭಾವನ ಮನೇಲಿ ಒಂದು ಮೂಟೆ ಕೆಂಪಡಿಕೆ ಕಾಣೆ ಆಯ್ತು. ಕಾಣೆ ಆಗಿದ್ದು ಯಾವತ್ತೋ, ಗೊತ್ತಾಗಿದ್ದು ಮಂಡಿಗೆ ಕಳ್ಸೋಣ ಅಂತ ಮೂಟೆ ಎಣಿಸಿದ ದಿನ. ಅದಕ್ಕಿಂತ ಹತ್ತು ಹನ್ನೆರಡು ದಿನ ಹಿಂದೆ ಎಣಿಸಿದಾಗ ಸರಿ ಇತ್ತಂತೆ. ಸರಿ, ಕ್ಯಾಮೆರಾ ಇದೆಯಲ್ಲ, ಅಂಗಳಕ್ಕೆ ಒಂದು, ಜಗಲಿಗೆ ಒಂದು, ಕೊಟ್ಟಿಗೆ ಕಡೆ ಒಂದು, ಗೇಟಿಗೆ ಒಂದು, ನಾಲ್ಕು ಹಾಕ್ಸಿದಾರೆ, ನೋಡೋಣ ಅಂತ ಕೂತ್ರೆ ರೆಕಾರ್ಡಿಂಗ್ ಇರೋದು ಹಿಂದಿನ ಐದೂವರೆ ದಿನದ್ದು ಮಾತ್ರ. ಫೋನ್ ಮಾಡಿ, "ಎಂತ ಮಾರಾಯ ಇದು, ನಮ್ಮನೆ ನಾಯಿ ಓಡಾಡಿದ್ದು ಬಿಟ್ರೆ ಎಂತದೂ ಇಲ್ಲ, ಹಾಕಿಕೊಟ್ಟವ ಒಂದು ತಿಂಗಳು ಇರ್ತದೆ ಅಂದಿದ್ದ" ಅಂತ ನನ್ನ ಮೇಲೆ ರೇಗಿದ್ರು. ನಾನೇನು ಮಾಡ್ಲಿ, ಹಾಕಿಕೊಟ್ಟವನು ನಾನಲ್ಲ.

ಆಮೇಲೆ ಆ ಭಾನುವಾರ ಹೋಗಿ ಡಿವಿಆರ್, ಅಂದ್ರೆ ಕ್ಯಾಮೆರಾ ಚಿತ್ರ ರೆಕಾರ್ಡ್ ಮಾಡೋ ಪೆಟ್ಟಿಗೆ, ಅದರೊಳಗಿನ ಡಿಸ್ಕ್ ಬದಲಾಯಿಸಿ ಬಂದೆ. ಅವತ್ತಿಂದ ನೆಂಟರಲ್ಲಿ ಮೂರ್ನಾಲ್ಕು ಮನೆಗೆ ಇದೇ ಕೆಲಸ ಮಾಡ್ಕೊಟ್ಟಿದೀನಿ, ಪ್ರತಿ ಸಲ ಅದೇ ಪ್ರಶ್ನೆಗಳು, ಅದಕ್ಕೆ ಇಲ್ಲಿ ಬರೆದಿಡ್ತಾ ಇದೀನಿ. ಸ್ಕ್ರೂಡ್ರೈವರ್ ಹಿಡಿಯೋಕೆ ಬರೋ ಯಾರು ಬೇಕಾದ್ರೂ ಮಾಡಬಹುದು, ಡಿಸ್ಕ್ ಕೂರ್ಸೋದು ಇಪ್ಪತ್ತು ನಿಮಿಷದ ಕೆಲಸ. ಕಷ್ಟ ಇರೋದು ಅದರಲ್ಲಲ್ಲ, ಅಂಗಡಿಗೆ ಹೋಗೋಕೆ ಮುಂಚೆ ಮಾಡಬೇಕಾದ ಲೆಕ್ಕದಲ್ಲಿ. ಜನ ಅದನ್ನೇ ಬಿಟ್ಟುಬಿಡ್ತಾರೆ.

ಲೆಕ್ಕ ಮೊದಲು

ನಿಮಗೆ ಎಷ್ಟು ದಿನದ ರೆಕಾರ್ಡಿಂಗ್ ಬೇಕು ಅನ್ನೋದನ್ನ ಮೊದಲು ತೀರ್ಮಾನ ಮಾಡ್ಕೊಳ್ಳಿ. ಪೇಟೆ ಮನೇಲಿ ಬೈಕ್ ಕದ್ರೆ ಬೆಳಗ್ಗೆನೇ ಗೊತ್ತಾಗತ್ತೆ, ಅವ್ರಿಗೆ ಒಂದು ವಾರದ್ದು ಸಾಕು. ನಮ್ಮ ಕಡೆ ಹಂಗಲ್ಲ. ಕೊನೆ ತೆಗೆದು, ಸುಲಿದು, ಬೇಯ್ಸಿ, ಒಣಗ್ಸಿ, ಮೂಟೆ ಕಟ್ಟಿ, ರೇಟ್ ಬರ್ಲಿ ಅಂತ ಇಟ್ಕೊಂಡು ಕೂರೋದು, ಅದರಲ್ಲಿ ಒಂದು ಮೂಟೆ ಹೋದ್ರೆ ಯಾವಾಗ ಗೊತ್ತಾಗತ್ತೋ ದೇವರಿಗೇ ಗೊತ್ತು. ಅಡಿಕೆ ಇಟ್ಕೊಳ್ಳೋ ಮನೆಗೆ ಕಡಿಮೆ ಅಂದ್ರೂ ನಲವತ್ತೈದು ದಿನ, ಆದ್ರೆ ಎರಡು ತಿಂಗಳು ಇರಬೇಕು ಅನ್ನೋದು ನನ್ನ ಅಭಿಪ್ರಾಯ.

ಈಗ ಡಿವಿಆರ್ ಮೆನುಗೆ ಹೋಗಿ, ರೆಕಾರ್ಡ್ ಅಥವಾ ಎನ್‌ಕೋಡ್ ಅಂತ ಇರತ್ತೆ, ಅದರಲ್ಲಿ ಪ್ರತಿ ಕ್ಯಾಮೆರಾಗೆ ಬಿಟ್‌ರೇಟ್ ಎಷ್ಟಿದೆ ಅಂತ ಕಾಣ್ಸತ್ತೆ, 1024 ಅಂತನೋ 2048 ಅಂತನೋ ಇರತ್ತೆ, ಪಕ್ಕದಲ್ಲಿ ಕೆಬಿಪಿಎಸ್ ಅಂತ ಬರ್ದಿರತ್ತೆ, ಸೆಕೆಂಡಿಗೆ ಎಷ್ಟು ಕಿಲೋಬಿಟ್ ಅಂತ ಅರ್ಥ. ಇದೊಂದೇ ನಂಬರ್ ಮುಖ್ಯ. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅನ್ನೋದು ಡಿಸ್ಕಿಗೆ ಗೊತ್ತಾಗಲ್ಲ, ಸೆಕೆಂಡಿಗೆ ಎಷ್ಟು ಡೇಟಾ ಬಂತು ಅನ್ನೋದು ಮಾತ್ರ ಗೊತ್ತಾಗೋದು. 1024 ಇರೋ ಒಂದು ಕ್ಯಾಮೆರಾ ಇಡೀ ದಿನ ಓಡಿದ್ರೆ ಸುಮಾರು 11 ಜಿಬಿ ತಿನ್ನತ್ತೆ. 2048 ಇದ್ರೆ 22 ಜಿಬಿ. ಇಷ್ಟು ನೆನಪಿಟ್ಕೊಂಡ್ರೆ ಉಳಿದಿದ್ದೆಲ್ಲ ಬಾಯಿಲೆಕ್ಕ.

ಭಾವನ ಮನೇಲಿ ನಾಲ್ಕೂ ಕ್ಯಾಮೆರಾ 2048ರಲ್ಲಿ ಇತ್ತು, ಅಂದ್ರೆ ದಿನಕ್ಕೆ 88 ಜಿಬಿ, ಒಳಗೆ ಇದ್ದಿದ್ದು 500 ಜಿಬಿ ಡಿಸ್ಕು, ಭಾಗಿಸಿ ನೋಡಿ, ಐದೂವರೆ ದಿನ. ತಿಂಗಳು ಇರ್ತದೆ ಅಂದವನು ಈ ಲೆಕ್ಕ ಮಾಡೇ ಇರ್ಲಿಲ್ಲ ಬಿಡಿ. ಅದೇ ಸೆಟ್ಟಿಂಗಲ್ಲಿ 1 ಟಿಬಿ ಹಾಕಿದ್ರೆ ಹನ್ನೊಂದು ದಿನ, 2 ಟಿಬಿ ಹಾಕಿದ್ರೆ ಇಪ್ಪತ್ತೆರಡು, 4 ಟಿಬಿಗೆ ನಲವತ್ತೈದು.

ಇನ್ನೊಂದು ವಿಷಯ, ಡಿಸ್ಕಿಗೆ ದುಡ್ಡು ಹಾಕೋಕೆ ಮುಂಚೆ ಅದೇ ಮೆನುವಲ್ಲಿ ಎಚ್.264 ಇದೆಯಾ ಎಚ್.265 ಇದೆಯಾ ನೋಡಿ, ಎರಡೂ ವಿಡಿಯೋನ ಕುಗ್ಗಿಸಿ ಇಡೋ ವಿಧಾನಗಳು. 265 ಸಿಗೋ ಹಾಗಿದ್ರೆ ಅದಕ್ಕೆ ಹಾಕಿ, ಬಿಟ್‌ರೇಟನ್ನ ಹತ್ರ ಹತ್ರ ಅರ್ಧಕ್ಕೆ ಇಳಿಸಿದ್ರೂ ಚಿತ್ರ ಹೆಚ್ಚು ಕಮ್ಮಿ ಹಂಗೇ ಇರತ್ತೆ, ಅಂದ್ರೆ ಪುಕ್ಕಟೆ ಡಬಲ್ ದಿನ ಸಿಕ್ಕಿದ ಹಾಗೆ. ಬರೀ 265 ಅಂತ ಬದಲಾಯಿಸಿ ಬಿಟ್‌ರೇಟ್ ಇಳಿಸದೆ ಬಿಟ್ರೆ ಪ್ರಯೋಜನ ಕಡಿಮೆ, ಇದನ್ನ ತುಂಬಾ ಜನ ಮರೀತಾರೆ. ಹಾಗೇ ಸೆಕೆಂಡಿಗೆ 25 ಫ್ರೇಮ್ ಇದ್ರೆ 12ಕ್ಕೋ 15ಕ್ಕೋ ಇಳಿಸಿ, ಕೊಟ್ಟಿಗೆ ಬಾಗಿಲು ಕಾಯೋಕೆ ಸಿನಿಮಾ ಕ್ವಾಲಿಟಿ ಎಂತಕ್ಕೆ.

ನಾವು ಮಾಡಿದ್ದು ಹೀಗೆ: ಮೂಟೆ ಇಡೋ ಜಗಲಿ ಕ್ಯಾಮೆರಾ ಮಾತ್ರ 2048ರಲ್ಲಿ ಬಿಟ್ವಿ, ಉಳಿದ ಮೂರನ್ನ 265ಕ್ಕೆ ಹಾಕಿ 1024ಕ್ಕೆ ಇಳಿಸಿದ್ವಿ. ಒಟ್ಟು ದಿನಕ್ಕೆ 55 ಜಿಬಿ. ಅದಕ್ಕೆ 4 ಟಿಬಿ ಹಾಕಿದ್ರೆ ಎಪ್ಪತ್ತು ದಿನದ ಹತ್ರ ಬರತ್ತೆ. ಅಷ್ಟು ಸಾಕು ಅಂತ ತೀರ್ಮಾನ ಆಯ್ತು.

ಮೋಶನ್ ರೆಕಾರ್ಡಿಂಗ್ ಹಾಕಿದ್ರೆ ಸಾಲ್ದಾ ಅಂತ ಕೇಳ್ತಾರೆ. ಏನಾದ್ರೂ ಅಲುಗಾಡಿದ್ರೆ ಮಾತ್ರ ರೆಕಾರ್ಡ್ ಆಗೋದು, ಡಿಸ್ಕ್ ಉಳಿಯತ್ತೆ ಅಂತ. ಬಯಲುಸೀಮೇಲಿ ಆಗಬಹುದೇನೋ, ನಮ್ಮಲ್ಲಿ ಅಲುಗಾಡದೆ ಇರೋದು ಎಂತ ಇದೆ ಹೇಳಿ. ಅಡಿಕೆ ಮರ ತೂಗತ್ತೆ, ಮಂಗ ಹಾರತ್ತೆ, ರಾತ್ರಿ ಆದ್ರೆ ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕಿಗೆ ಹುಳ ಮುತ್ತತ್ತೆ, ಹುಳ ತಿನ್ನೋಕೆ ಜೇಡ ಬಂದು ಲೆನ್ಸ್ ಮುಂದೆನೇ ಬಲೆ ಕಟ್ಟತ್ತೆ, ಆ ಬಲೆ ಗಾಳಿಗೆ ಅಲುಗಾಡತ್ತೆ. ಜೂನ್‌ಇಂದ ಸೆಪ್ಟೆಂಬರ್ ತನಕ ಮಳೆ ಹನಿ ಒಂದೊಂದೂ ಬಿಳಿ ಗೆರೆ ಥರ ಕಾಣ್ಸಿ ಡಿವಿಆರ್‌ಗೆ ಯಾರೋ ಬಂದ್ರು ಅನ್ಸತ್ತೆ. ಉಳಿತಾಯನೂ ಇಲ್ಲ, ಮೇಲಿಂದ ನಿಜವಾಗ್ಲೂ ಕಳ್ಳ ಬಂದಾಗ ಕತ್ತಲೆ ಮೂಲೇಲಿ ಮೋಶನ್ ಹಿಡೀದೇ ಹೋಗೋ ಅಪಾಯ ಬೇರೆ. ಅಡಿಕೆ ಇಡೋ ಜಾಗಕ್ಕೆ ದಿನದ 24 ಗಂಟೆ ರೆಕಾರ್ಡಿಂಗ್ ಹಾಕಿ. ಗೇಟಿನ ಕ್ಯಾಮೆರಾಗೆ ಬೇಕಾದ್ರೆ ಮೋಶನ್ ಮಾಡ್ಕೊಳ್ಳಿ, ಅದೂ ಬೇಸಿಗೇಲಿ.

ನಿಮ್ಮ ಡಿವಿಆರ್ ಎಷ್ಟು ದೊಡ್ಡದನ್ನ ತಗೊಳ್ಳತ್ತೆ

ಡಿವಿಆರ್ ಮಗುಚಿ ಹಾಕಿ, ತಳದಲ್ಲಿ ಸ್ಟಿಕರ್ ಇರತ್ತೆ, ಮಾಡೆಲ್ ನಂಬರ್ ಫೋಟೋ ತಕ್ಕೊಳ್ಳಿ. ಆ ನಂಬರ್ ಹಾಕಿ ಹುಡುಕಿದ್ರೆ ಕಂಪನಿಯ ಡೇಟಾಶೀಟ್ ಸಿಗತ್ತೆ, ಸಿಪಿ ಪ್ಲಸ್, ಹಿಕ್‌ವಿಷನ್, ದಹುವಾ ಯಾವ್ದೇ ಇರ್ಲಿ. ಅದರಲ್ಲಿ ಎರಡು ವಿಷಯ ನೋಡ್ಬೇಕು. ಸಾಟಾ ಪೋರ್ಟ್, ಅಂದ್ರೆ ಒಳಗೆ ಡಿಸ್ಕ್ ಚುಚ್ಚೋ ಜಾಗ, ಎಷ್ಟಿದೆ, ಒಂದೊಂದು ಪೋರ್ಟಿಗೆ ಗರಿಷ್ಠ ಎಷ್ಟು ಟಿಬಿ. ಮನೆಗೆ ಹಾಕೋ 4 ಚಾನೆಲ್, ಅಂದ್ರೆ ನಾಲ್ಕು ಕ್ಯಾಮೆರಾದ, ಡಿವಿಆರ್‌ಗಳಲ್ಲಿ ಸಾಮಾನ್ಯವಾಗಿ ಒಂದೇ ಸಾಟಾ, 16 ಚಾನೆಲ್ ಕಡೆ ಹೋದ್ರೆ ಎರಡು ಇರೋದು ಸಿಗತ್ತೆ. ಹಳೇ ಡಿವಿಆರ್‌ಗಳಲ್ಲಿ 2 ಟಿಬಿಗಿಂತ ದೊಡ್ಡದು ಹಾಕಿದ್ರೆ ಒಂದೋ ಗುರುತೇ ಹಿಡಿಯಲ್ಲ, ಇಲ್ಲಾ 2 ಟಿಬಿ ಅಂತ ಮಾತ್ರ ತೋರ್ಸತ್ತೆ. ನಾನೊಂದು ಕಡೆ ಇದನ್ನ ನೋಡದೆ 4 ಟಿಬಿ ತಗೊಂಡು ಹೋಗಿ, ವಾಪಸ್ ಬಸ್ಸಲ್ಲಿ ಮಡಿಲಲ್ಲಿ ಇಟ್ಕೊಂಡು ಬಂದಿದೀನಿ.

ಒಂದೇ ಸಾಟಾ ಇದ್ರೆ ಹಳೇ ಡಿಸ್ಕ್ ತೆಗೆದು ದೊಡ್ಡದು ಹಾಕೋದೇ ದಾರಿ. ಪಕ್ಕಕ್ಕೆ ಇನ್ನೊಂದು ಸೇರ್ಸೋಕೆ ಆಗಲ್ವಾ ಅಂತ ವೈ ಆಕಾರದ ಕೇಬಲ್ ತರ್ತಾರೆ ಕೆಲವರು, ಅದು ಕರೆಂಟನ್ನ ಮಾತ್ರ ಎರಡು ಮಾಡತ್ತೆ, ಡೇಟಾನ ಅಲ್ಲ. ಮುಂದೆ ಇರೋ ಯುಎಸ್‌ಬಿ ತೂತಿಗೆ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಚುಚ್ಚಿದ್ರೆ ರೆಕಾರ್ಡ್ ಆಗತ್ತೆ ಅಂತಾನೂ ತುಂಬಾ ಜನ ಅಂದ್ಕೊಂಡಿದಾರೆ. ಟಿವಿ ಸೆಟ್‌ಟಾಪ್ ಬಾಕ್ಸಲ್ಲಿ ಹಾಗೆ ಆಗೋದು ಇದೆ, ಕ್ಯಾಮೆರಾ ಡಿವಿಆರ್‌ಗಳಲ್ಲಿ ಹೆಚ್ಚಿನವು ಯುಎಸ್‌ಬಿನ ಬರೀ ಬ್ಯಾಕಪ್ ತೆಗೆಯೋಕೆ, ಮೌಸ್ ಹಾಕೋಕೆ ಅಂತ ಇಟ್ಟಿರ್ತಾವೆ. ಕೆಲವು ಮಾಡೆಲ್ಲಲ್ಲಿ ನೆಟ್‌ವರ್ಕ್ ಮೇಲೆ ನ್ಯಾಸ್ ಅನ್ನೋ ಪೆಟ್ಟಿಗೆಗೆ ಬರ್ಸೋ ಸೌಲಭ್ಯ ಇರತ್ತೆ, ಮನೆಗೆ ಅಷ್ಟೆಲ್ಲ ಬೇಡ.

ಎರಡು ಸಾಟಾ ಇದ್ದೋರು ಪುಣ್ಯವಂತರು, ಹಳೇದು ಇದ್ದ ಹಾಗೇ ಇರ್ಲಿ, ಖಾಲಿ ಜಾಗಕ್ಕೆ ಹೊಸದು ಹಾಕಿ, ಎರಡೂ ಸೇರಿ ಲೆಕ್ಕಕ್ಕೆ ಬರತ್ತೆ. ಆದ್ರೆ ಅಡಾಪ್ಟರ್ ನೋಡ್ಕೊಳ್ಳಿ. 3.5 ಇಂಚಿನ ಡಿಸ್ಕು ತಿರುಗೋಕೆ ಶುರು ಮಾಡೋ ಆ ಕ್ಷಣ 12 ವೋಲ್ಟಲ್ಲಿ 2 ಆಂಪ್ ಹತ್ರ ಎಳೀಬಹುದು, ಆಮೇಲೆ ಇಳಿದು ತಣ್ಣಗೆ ಓಡತ್ತೆ. ಹಳೇ ಅಡಾಪ್ಟರ್ ಬಡಕಲು ಆಗಿದ್ರೆ ಆ ಎಳೆತಕ್ಕೆ ವೋಲ್ಟೇಜ್ ಬಿದ್ದು ಡಿವಿಆರ್ ಆನ್ ಆಗೋದು ಆಫ್ ಆಗೋದು ಆನ್ ಆಗೋದು ಮಾಡ್ತಾ ಇರತ್ತೆ, ನಾವು ಹೊಸ ಡಿಸ್ಕೇ ಕೆಟ್ಟಿದೆ ಅಂತ ಅಂಗಡಿಯವನ ಹತ್ರ ಜಗಳಕ್ಕೆ ಹೋಗ್ತೀವಿ. ಅಡಾಪ್ಟರ್ ಮೇಲೆ ಬರೆದಿರೋ ಆಂಪ್ ಓದಿ, ಕಂಪನಿ ಕೊಟ್ಟಿದ್ದಕ್ಕಿಂತ ಕಡಿಮೆದು ಯಾರೋ ಮಧ್ಯ ಬದಲಾಯಿಸಿ ಇಟ್ಟಿರ್ತಾರೆ. ವೋಲ್ಟ್ ಮಾತ್ರ ಅದೇ ಇರ್ಬೇಕು, ಆಂಪ್ ಜಾಸ್ತಿ ಇದ್ರೆ ತೊಂದ್ರೆ ಇಲ್ಲ.

ಯಾವ ಡಿಸ್ಕ್ ತರೋದು

ಕಂಪ್ಯೂಟರಿಂದ ತೆಗೆದಿಟ್ಟ ಹಳೇ ಡಿಸ್ಕ್ ಹಾಕ್ಬಹುದಾ ಅಂದ್ರೆ, ಹಾಕ್ಬಹುದು, ಓಡತ್ತೆ. ಎಷ್ಟು ದಿನ ಅನ್ನೋದೇ ಪ್ರಶ್ನೆ. ಕಂಪ್ಯೂಟರ್ ಡಿಸ್ಕು ದಿನಕ್ಕೆ ಎಂಟು ಹತ್ತು ಗಂಟೆ, ಅದೂ ಆಗೊಮ್ಮೆ ಈಗೊಮ್ಮೆ ಬರೀತಾ ಇರೋ ಕೆಲಸಕ್ಕೆ ಮಾಡಿದ್ದು. ಡಿವಿಆರ್ ಡಿಸ್ಕಿಗೆ ರಾತ್ರಿ ಹಗಲು ನಿಲ್ಲದೆ ಬರೆಯೋದೇ ಕೆಲಸ. ಅದಕ್ಕೆ ಅಂತ್ಲೇ ಮಾಡಿರೋ ಸರ್ವೇಲೆನ್ಸ್ ಡಿಸ್ಕುಗಳು ಬರ್ತವೆ, ವೆಸ್ಟರ್ನ್ ಡಿಜಿಟಲ್‌ನ ಪರ್ಪಲ್, ಸೀಗೇಟ್‌ನ ಸ್ಕೈಹಾಕ್, ತೋಷಿಬಾದ ಎಸ್300, ಈ ಮೂರರಲ್ಲಿ ಯಾವ್ದು ಸಿಕ್ಕಿದ್ರೂ ತಗೊಳ್ಳಿ. ಸ್ವಲ್ಪ ಜಾಸ್ತಿ ಆಗತ್ತೆ, ಚೌಕಾಸಿ ಮಾಡಿ, ಆದ್ರೆ ಮಾಮೂಲಿ ಕಂಪ್ಯೂಟರ್ ಡಿಸ್ಕಿಗೆ ಇಳೀಬೇಡಿ.

ಶಿವಮೊಗ್ಗದಲ್ಲಿ ನೆಹರೂ ರೋಡ್, ದುರ್ಗಿಗುಡಿ ಕಡೆ ಸುತ್ತಿದ್ರೆ ಸಿಗತ್ತೆ, ಆನ್‌ಲೈನಲ್ಲೂ ತರ್ಸಬಹುದು, ಎಲ್ಲಿ ತಗೊಂಡ್ರೂ ಬಿಲ್ ಇರ್ಲಿ, ಬಿಲ್ಲಲ್ಲಿ ಸೀರಿಯಲ್ ನಂಬರ್ ಇರ್ಲಿ. ಯಾಕೆ ಅಂದ್ರೆ ಹಳೇ ಡಿಸ್ಕಿಗೆ ಹೊಸ ಸ್ಟಿಕರ್ ಅಂಟಿಸಿ ಮಾರೋದು ಚೆನ್ನಾಗಿ ನಡೀತಾ ಇದೆ. ಒಂದು ಸಲ ನಾನೇ ಸಿಕ್ಕಿಬಿದ್ದೆ. ಎಲ್ಲಿ ಅಂತ ಹೇಳಲ್ಲ. ನೋಡೋಕೆ ಪಳಪಳ, ಆಂಟಿಸ್ಟ್ಯಾಟಿಕ್ ಕವರೂ ಇತ್ತು, ಹಾಕಿ ಡಿವಿಆರಲ್ಲಿ ಸ್ಮಾರ್ಟ್ ಮಾಹಿತಿ (ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಕೊಳ್ಳೋ ಲೆಕ್ಕ) ತೆಗೆದು ನೋಡಿದ್ರೆ ಪವರ್ ಆನ್ ಅವರ್ಸ್ ಹತ್ತೊಂಬತ್ತು ಸಾವಿರ ಚಿಲ್ರೆ. ವರ್ಷಕ್ಕೆ 8760 ಗಂಟೆ, ಅಂದ್ರೆ ಎರಡು ವರ್ಷಕ್ಕಿಂತ ಜಾಸ್ತಿ ಎಲ್ಲೋ ದುಡಿದು ರಿಟೈರ್ ಆಗಿ ಬಂದಿದ್ದು. ಬಿಲ್ ಇತ್ತು, ಸ್ಕ್ರೀನಿನ ಫೋಟೋ ತೋರ್ಸಿದೆ, ಮಾತಿಲ್ಲದೆ ಬದಲಾಯಿಸಿ ಕೊಟ್ಟ. ಹಂಗಾಗಿ ಹಾಕಿದ ದಿನವೇ ಆ ಗಂಟೆ ನೋಡಿ, ಹೊಸದಕ್ಕೆ ಸೊನ್ನೆಯ ಅಕ್ಕಪಕ್ಕ ಇರ್ಬೇಕು. ಕಂಪನಿ ಸೈಟಲ್ಲಿ ಸೀರಿಯಲ್ ನಂಬರ್ ಹಾಕಿದ್ರೆ ವಾರಂಟಿ ಎಲ್ಲಿ ತನಕ ಇದೆ ಅನ್ನೋದೂ ಬರತ್ತೆ, ಸರ್ವೇಲೆನ್ಸ್ ಡಿಸ್ಕಿಗೆ ಸಾಮಾನ್ಯವಾಗಿ 3 ವರ್ಷ.

ತರೋವಾಗ ಬೈಕ್ ಡಿಕ್ಕಿಲಿ ಹಾಕಿ ಘಾಟಿ ರಸ್ತೆ ಹೊಂಡ ಹಾರಿಸ್ಬೇಡಿ. ಬ್ಯಾಗಲ್ಲಿ ಟವೆಲ್ ಸುತ್ತಿ ಬೆನ್ನಿಗೆ ಹಾಕ್ಕೊಳ್ಳಿ. ಮಳೆಗಾಲದಲ್ಲಿ ತಂದ್ರೆ ಮನೆಗೆ ಬಂದ ಕೂಡ್ಲೇ ಕವರ್ ಹರಿದು ಹಾಕೋಕೆ ಹೋಗ್ಬೇಡಿ, ಒಂದೆರಡು ಗಂಟೆ ಹಾಗೇ ಇಡಿ, ತಣ್ಣಗಿರೋ ಲೋಹದ ಮೇಲೆ ನಮ್ಮ ಗಾಳಿಯ ತೇವ ಕೂತ್ಕೊಳ್ಳತ್ತೆ.

ಬಿಚ್ಚೋಕೆ ಮುಂಚೆ

ಹಳೇ ಡಿಸ್ಕಲ್ಲಿ ಬೇಕಾದ್ದು ಏನಾದ್ರೂ ಇದ್ರೆ ಪೆನ್‌ಡ್ರೈವಿಗೆ ತಕ್ಕೊಳ್ಳಿ. ಪೆನ್‌ಡ್ರೈವ್ ಫ್ಯಾಟ್32ರಲ್ಲಿ ಫಾರ್ಮ್ಯಾಟ್ ಆಗಿರ್ಬೇಕು, ಡಿವಿಆರ್ ಮುಂದೆ ಚುಚ್ಚಿ, ಬ್ಯಾಕಪ್ ಅಥವಾ ಎಕ್ಸ್‌ಪೋರ್ಟ್ ಮೆನುವಲ್ಲಿ ದಿನ, ಸಮಯ, ಕ್ಯಾಮೆರಾ ಆರಿಸಿ ಕಳ್ಸೋದು. ಎಂಪಿ4 ಆಯ್ಕೆ ಇದ್ರೆ ಅದನ್ನೇ ಒತ್ತಿ, ಇಲ್ದಿದ್ರೆ ಆಮೇಲೆ ಕಂಪನಿಯ ಪ್ಲೇಯರ್ ಹುಡುಕ್ತಾ ಕೂರ್ಬೇಕು. ಭಾವನ ಡಿಸ್ಕಲ್ಲಿ ಚಿರತೆ ಅಂಗಳದಲ್ಲಿ ಹಾದು ಹೋಗಿದ್ದು ನಲವತ್ತು ಸೆಕೆಂಡಿನದು ಇತ್ತು, ಕಳ್ಳ ಸಿಗ್ಲಿಲ್ಲ ಅನ್ನೋ ಬೇಜಾರೆಲ್ಲ ಮರೆತು ಅದನ್ನ ಮೂರು ಸಲ ಎಕ್ಸ್‌ಪೋರ್ಟ್ ಮಾಡ್ಸಿದ್ರು.

ಅಡ್ಮಿನ್ ಪಾಸ್‌ವರ್ಡ್ ಕೈಯಲ್ಲಿ ಇದೆಯಾ ನೋಡಿ. ಇದು ತಮಾಷೆ ಅಲ್ಲ, ಅರ್ಧ ಮನೆಗಳಲ್ಲಿ ಪಾಸ್‌ವರ್ಡ್ ಇರೋದು ಹಾಕಿಕೊಟ್ಟವನ ತಲೇಲಿ ಮಾತ್ರ. ಫಾರ್ಮ್ಯಾಟ್ ಮಾಡೋಕೆ ಅದು ಬೇಕೇ ಬೇಕು. ಅವನಿಗೆ ಮೊದ್ಲೇ ಫೋನ್ ಮಾಡಿ ಕೇಳಿ ಇಟ್ಕೊಳ್ಳಿ, ಭಾನುವಾರ ಸಂಜೆ ಫೋನ್ ಎತ್ತಲ್ಲ ಅವರು.

ಆಮೇಲೆ ಮೆನುವಲ್ಲಿ ಶಟ್‌ಡೌನ್ ಕೊಟ್ಟು, ಆಫ್ ಆದ್ಮೇಲೆ ಪ್ಲಗ್ ಕೀಳಿ. ಸೀದಾ ಪ್ಲಗ್ ಕೀಳ್ಬೇಡಿ, ಬರೀತಾ ಇರೋ ಡಿಸ್ಕಿಗೆ ಅದು ಒಳ್ಳೇದಲ್ಲ. ಹಿಂದಿರೋ ಕೇಬಲ್ಲುಗಳಿಗೆ ಒಂದೊಂದಕ್ಕೂ ಬಿಳಿ ಟೇಪ್ ಸುತ್ತಿ 1, 2, 3, 4 ಅಂತ ಪೆನ್ನಲ್ಲಿ ಬರೀರಿ, ಫೋಟೋನೂ ತಕ್ಕೊಳ್ಳಿ. ಕ್ಯಾಮೆರಾ ಕೇಬಲ್ ತುದಿಯ ಬಿಎನ್‌ಸಿ ಪಿನ್ನನ್ನ ಒತ್ತಿ ತಿರುಗ್ಸಿದ್ರೆ ಬಿಡತ್ತೆ, ಎಳೀಬೇಡಿ.

ಬಿಚ್ಚಿ ಹಾಕೋದು

ಮೇಜಿನ ಮೇಲೆ ಹಳೇ ಬೆಡ್‌ಶೀಟ್ ಮಡಚಿ ಹಾಸಿ ಅದರ ಮೇಲೆ ಇಡಿ. ಪಕ್ಕದಲ್ಲಿ ಎರಡೆರಡು, ಹಿಂದೆ ಎರಡು ಮೂರು ಸ್ಕ್ರೂ ಇರತ್ತೆ, ತೆಗೆದು ಒಂದು ಲೋಟಕ್ಕೆ ಹಾಕಿ. ಮೇಲಿನ ಮುಚ್ಚಳ ನೆಟ್ಟಗೆ ಎತ್ತಿದ್ರೆ ಬರಲ್ಲ ಸಾಮಾನ್ಯವಾಗಿ, ಸ್ವಲ್ಪ ಹಿಂದಕ್ಕೆ ಜಾರ್ಸಿ ಆಮೇಲೆ ಎತ್ತಬೇಕು. ಕೆಲವದ್ರಲ್ಲಿ ವಾರಂಟಿ ಸ್ಟಿಕರ್ ಸ್ಕ್ರೂ ಮೇಲೆ ಅಂಟಿಸಿರ್ತಾರೆ, ಡಿವಿಆರ್ ಇನ್ನೂ ವಾರಂಟಿಲಿದ್ರೆ ಹರಿಯೋಕೆ ಮುಂಚೆ ಒಂದು ಮಾತು ಕೇಳಿ.

ತೆಗೆದ ಕೂಡ್ಲೇ ಒಳಗೆ ಏನು ಕಾಣ್ಸತ್ತೆ ಅಂತ ಹೇಳೋಕಾಗಲ್ಲ. ಭಾವನ ಮನೇಲಿ ಇರುವೆ ಗೂಡು ಮಾಡಿ ಮೊಟ್ಟೆ ಇಟ್ಟಿದ್ವು, ಇನ್ನೊಂದು ಕಡೆ ಒಣಗಿ ಕಡ್ಡಿ ಆಗಿದ್ದ ಹಲ್ಲಿ ಸಿಕ್ತು. ಅಡಿಕೆ ಬೇಯ್ಸೋ ಒಲೆ ಹತ್ರ ಇರೋ ಮನೆ ಆದ್ರೆ ಫ್ಯಾನ್ ರೆಕ್ಕೆ ಮೇಲೆ ಮಸಿ ಅಂಟಂಟಾಗಿ ಕೂತಿರತ್ತೆ. ಮೆತ್ತಗಿನ ಪೇಂಟ್ ಬ್ರಷ್ ತಗೊಂಡು ನಿಧಾನ ಒರೆಸಿ, ಒದ್ದೆ ಬಟ್ಟೆ ಬೇಡ, ಬಾಯಲ್ಲಿ ಊದೋದೂ ಬೇಡ. ಬೋರ್ಡ್ ಮುಟ್ಟೋಕೆ ಮುಂಚೆ ಪೆಟ್ಟಿಗೆಯ ಲೋಹದ ಭಾಗ ಒಂದ್ಸಲ ಮುಟ್ಟಿ, ಮೈಲಿರೋ ಸ್ಟ್ಯಾಟಿಕ್ ಹೋಗ್ಲಿ. ಬೋರ್ಡ್ ಮೇಲೆ ನಾಣ್ಯದಂಥ ಸಣ್ಣ ಬ್ಯಾಟರಿ ಕಾಣ್ಸಿದ್ರೆ, ಡಿವಿಆರ್ ಪ್ರತಿ ಸಲ ಕರೆಂಟ್ ಹೋಗಿ ಬಂದಾಗ ಟೈಮ್ ಹಿಂದಕ್ಕೆ ಹೋಗ್ತಾ ಇತ್ತು ಅಂದ್ರೆ, ಇವತ್ತೇ ಅದನ್ನೂ ಬದಲಾಯ್ಸಿ. ಹೆಚ್ಚಾಗಿ ಸಿಆರ್2032 ಇರತ್ತೆ, ವಾಚ್ ಅಂಗಡೀಲೂ ಸಿಗತ್ತೆ.

ಡಿಸ್ಕಿಂದ ಎರಡು ಕೇಬಲ್ ಹೋಗಿರತ್ತೆ, ಸಣ್ಣದು ಡೇಟಾ, ಅಗಲದ್ದು ಪವರ್. ಎರಡೂ ಎಲ್ ಆಕಾರದ ತೂತು, ಒಂದೇ ಕಡೆ ಕೂರೋದು, ಉಲ್ಟಾ ಒತ್ತಿದ್ರೆ ಪ್ಲಾಸ್ಟಿಕ್ ಮುರಿಯತ್ತೆ. ಕೇಬಲ್ ಹಿಡಿದು ಎಳೀದೆ ಪ್ಲಗ್ಗಿನ ತಲೆ ಹಿಡಿದು ಎಳೀರಿ, ಕೆಲವಕ್ಕೆ ಕ್ಲಿಪ್ ಇರತ್ತೆ, ಒತ್ತಿ ಎಳೀಬೇಕು. ಡಿಸ್ಕನ್ನ ಹಿಡಿದಿರೋ ನಾಲ್ಕು ಸ್ಕ್ರೂ ಪೆಟ್ಟಿಗೆ ತಳದಿಂದ ಬಂದಿರತ್ತೆ, ಹಂಗಾಗಿ ಒಂದು ಕೈಯಲ್ಲಿ ಡಿಸ್ಕ್ ಹಿಡ್ಕೊಂಡು ಡಿವಿಆರ್ ಓರೆ ಮಾಡಿ ಕೆಳಗಿಂದ ಬಿಚ್ಚಬೇಕು. ಇಲ್ಲಿ ಇನ್ನೊಬ್ರು ಬೇಕು. ನನಗೆ ಅಕ್ಕ ಹಿಡ್ಕೊಟ್ಟಿದ್ದು, ಭಾವ ಟಾರ್ಚ್ ಹಿಡಿದು ಸಲಹೆ ಕೊಡ್ತಾ ಇದ್ರು.

ಹೊಸ ಡಿಸ್ಕ್ ಅದೇ ದಿಕ್ಕಲ್ಲಿ ಇಟ್ಟು ಅವೇ ಸ್ಕ್ರೂ ಹಾಕಿ. ಮೊದಲು ನಾಲ್ಕನ್ನೂ ಸಡಿಲ ಕೂರ್ಸಿ, ಆಮೇಲೆ ಒಂದೊಂದೇ ಬಿಗಿ ಮಾಡಿ, ನಾಲ್ಕೂ ಇರ್ಲೇಬೇಕು. ಎರಡೇ ಸ್ಕ್ರೂ ಸಾಕು ಅಂತ ಬಿಟ್ರೆ ಡಿಸ್ಕು ಅದುರಿ ರಾತ್ರಿ ಹೊತ್ತು ಗುಂಯ್ ಅಂತ ಶಬ್ದ ಬರತ್ತೆ, ಡಿಸ್ಕಿಗೂ ಒಳ್ಳೇದಲ್ಲ. ಕೇಬಲ್ ಎರಡೂ ಪೂರ್ತಿ ಕೂರೋ ತನಕ ಒತ್ತಿ, ಫ್ಯಾನಿಗೆ ತಾಗದ ಹಾಗೆ ಬದಿಗೆ ಸರಿಸಿ. ಮುಚ್ಚಳ ಈಗ್ಲೇ ಸ್ಕ್ರೂ ಹಾಕ್ಬೇಡಿ, ಸುಮ್ನೆ ಮುಚ್ಚಿಡಿ. ಮೊದಲು ಓಡ್ಲಿ.

ಆನ್ ಮಾಡಿದ್ಮೇಲೆ

ಕರೆಂಟ್ ಕೊಟ್ರೆ ಡಿಸ್ಕ್ ತಿರುಗೋ ಸಣ್ಣ ಸದ್ದು ಕೇಳ್ಬೇಕು. ಡಿವಿಆರ್ ಬೀಪ್ ಬೀಪ್ ಅನ್ನತ್ತೆ, ಹೆದರ್ಬೇಡಿ, ಒಳಗೆ ಇರೋ ಡಿಸ್ಕು ತನ್ನದಲ್ಲ ಅಂತ ಕೂಗ್ತಾ ಇದೆ ಅಷ್ಟೆ. ಮೆನುವಲ್ಲಿ ಸ್ಟೋರೇಜ್ ಅಂತನೋ ಎಚ್‌ಡಿಡಿ ಅಂತನೋ ಇರೋ ಕಡೆ ಹೋಗಿ. ಹಿಕ್‌ವಿಷನ್‌ಲಿ ಹೊಸ ಡಿಸ್ಕಿನ ಮುಂದೆ ಅನ್‌ಇನಿಶಿಯಲೈಸ್ಡ್ ಅಂತ ಇರತ್ತೆ, ಟಿಕ್ ಹಾಕಿ ಇನಿಟ್ ಒತ್ತಿ, ಮುಗಿದ್ಮೇಲೆ ನಾರ್ಮಲ್ ಅಂತ ಬರ್ಬೇಕು. ಸಿಪಿ ಪ್ಲಸ್, ದಹುವಾದಲ್ಲಿ ಡಿಸ್ಕ್ ಆರಿಸಿ ಫಾರ್ಮ್ಯಾಟ್. ಎರಡು ಡಿಸ್ಕ್ ಇರೋರು ಇಲ್ಲಿ ಹುಷಾರು, ಯಾವುದಕ್ಕೆ ಟಿಕ್ ಬಿತ್ತು ಅಂತ ಎರಡು ಸಲ ನೋಡಿ, ಹಳೇದಕ್ಕೆ ಫಾರ್ಮ್ಯಾಟ್ ಕೊಟ್ರೆ ಹೋಯ್ತು ಎಲ್ಲ. 4 ಟಿಬಿ ಹಾಕಿದ್ರೆ 3726 ಜಿಬಿ ಅಂತ ತೋರ್ಸತ್ತೆ, 1 ಟಿಬಿಗೆ 931, ಅದು ಮೋಸ ಅಲ್ಲ, ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸ್ತಾರೆ, ಮಷಿನ್ 1024ರ ಲೆಕ್ಕದಲ್ಲಿ ಎಣಿಸತ್ತೆ.

ಆಮೇಲೆ ಅಲ್ಲೇ ಓವರ್‌ರೈಟ್ ಆನ್ ಇದೆಯಾ ನೋಡಿ. ತುಂಬಿದ್ಮೇಲೆ ಹಳೇದು ಅಳಿಸಿ ಹೊಸದು ಬರೀಬೇಕು, ಇಲ್ಲಾಂದ್ರೆ ಎಪ್ಪತ್ತನೇ ದಿನ ರೆಕಾರ್ಡಿಂಗೇ ನಿಂತು ಹೋಗತ್ತೆ, ಯಾರಿಗೂ ಗೊತ್ತಾಗಲ್ಲ. ಹಾಗೇ ಎಕ್ಸೆಪ್ಶನ್ ಅಥವಾ ಅಬ್‌ನಾರ್ಮಾಲಿಟಿ ಅನ್ನೋ ಕಡೆ ಎಚ್‌ಡಿಡಿ ಎರರ್‌ಗೆ ಬಜರ್ ಆನ್ ಮಾಡಿ. ಕಿರಿಕಿರಿ ಅಂತ ಇದನ್ನ ಆಫ್ ಮಾಡಿಟ್ಟಿರ್ತಾರೆ, ಡಿಸ್ಕು ಸತ್ತು ಆರು ತಿಂಗಳಾದ್ರೂ ಲೈವ್ ಚಿತ್ರ ಚೆನ್ನಾಗೇ ಬರ್ತಾ ಇರತ್ತೆ, ಎಲ್ಲ ಸರಿ ಇದೆ ಅಂದ್ಕೊಂಡು ಕೂತಿರ್ತಾರೆ. ಲೈವ್ ಕಾಣೋದಕ್ಕೂ ರೆಕಾರ್ಡ್ ಆಗೋದಕ್ಕೂ ಸಂಬಂಧ ಇಲ್ಲ.

ದಿನಾಂಕ, ಸಮಯ ಸರಿ ಮಾಡಿ, ನೆಟ್ ಇದ್ರೆ ಟೈಮನ್ನ ತಾನೇ ಸರಿ ಮಾಡ್ಕೊಳ್ಳೋ ಎನ್‌ಟಿಪಿ ಹಾಕಿ, ಟೈಮ್‌ಜೋನ್ 5:30 ಇರ್ಲಿ. ಪೊಲೀಸರಿಗೆ ಕೊಡೋ ಕಾಲ ಬಂದ್ರೆ ಒಂದೂವರೆ ಗಂಟೆ ಹಿಂದೆ ಮುಂದೆ ಇರೋ ವಿಡಿಯೋಕ್ಕೆ ಹತ್ತು ಪ್ರಶ್ನೆ ಬರತ್ತೆ. ರೆಕಾರ್ಡ್ ಶೆಡ್ಯೂಲ್ ತೆಗೆದು ನಾಲ್ಕೂ ಚಾನೆಲ್‌ಗೆ ವಾರದ ಏಳು ದಿನವೂ ಪೂರ್ತಿ ಬಣ್ಣ ತುಂಬಿದೆಯಾ ನೋಡಿ. ಹತ್ತು ನಿಮಿಷ ಬಿಟ್ಟು ಪ್ಲೇಬ್ಯಾಕಿಗೆ ಹೋಗಿ ಆ ಹತ್ತು ನಿಮಿಷ ಓಡ್ಸಿ ನೋಡಿ, ಬಂದ್ರೆ ಮುಚ್ಚಳಕ್ಕೆ ಸ್ಕ್ರೂ ಹಾಕಿ.

ಡಿಸ್ಕ್ ಕಾಣ್ಸಲೇ ಇಲ್ಲ ಅಂದ್ರೆ ಹತ್ತಕ್ಕೆ ಎಂಟು ಸಲ ಕೇಬಲ್ ಸರಿಯಾಗಿ ಕೂತಿರಲ್ಲ, ಆಫ್ ಮಾಡಿ ತೆಗೆದು ಮತ್ತೆ ಒತ್ತಿ. ಆಗ್ಲೂ ಇಲ್ಲಾಂದ್ರೆ ಅಡಾಪ್ಟರ್. ಆಗ್ಲೂ ಇಲ್ಲಾಂದ್ರೆ ಹಳೇ ಡಿಸ್ಕ್ ಹಾಕಿ ನೋಡಿ, ಅದು ಕಾಣ್ಸಿದ್ರೆ ತೊಂದ್ರೆ ಹೊಸದ್ರಲ್ಲಿ, ಅದೂ ಕಾಣ್ಸದಿದ್ರೆ ಡಿವಿಆರಲ್ಲಿ.

ಕರೆಂಟು, ಸಿಡಿಲು, ಥಂಡಿ

ಲಿಂಗನಮಕ್ಕಿ ನೀರಲ್ಲಿ ಹುಟ್ಟೋ ಕರೆಂಟು ರಾಜ್ಯಕ್ಕೆಲ್ಲ ಹೋಗತ್ತೆ, ನಮ್ಮ ಹಳ್ಳಿ ಮನೆಗಳಲ್ಲಿ ಒಂದು ಮರ ವಾಲಿದ್ರೆ ಎರಡು ದಿನ ಕತ್ತಲೆ, ಇದು ನಿಮಗೆ ಹೊಸದಾಗಿ ಹೇಳ್ಬೇಕಾಗಿಲ್ಲ. ಡಿಸ್ಕು ಕೆಡೋದಕ್ಕೆ ಮಲೆನಾಡಲ್ಲಿ ದೊಡ್ಡ ಕಾರಣ ಇದೇ, ಹೋಗಿ ಬಂದು ಹೋಗಿ ಬಂದು ಆಗೋ ಕರೆಂಟು. ಮನೆ ಇನ್ವರ್ಟರ್ ಲೈನಿಗೆ ಡಿವಿಆರ್ ಹಾಕಿ, ಇನ್ವರ್ಟರಲ್ಲಿ ಯುಪಿಎಸ್ ಮೋಡ್ ಇದ್ರೆ ಅದಕ್ಕೆ ತಿರುಗಿಸಿ, ಮಾಮೂಲಿ ಮೋಡಲ್ಲಿ ಬದಲಾಗೋ ಆ ಕ್ಷಣಕ್ಕೆ ಡಿವಿಆರ್ ಒಮ್ಮೊಮ್ಮೆ ರೀಸ್ಟಾರ್ಟ್ ಆಗತ್ತೆ. ರೂಟರ್‌ಗೆ ಅಂತ ಬರೋ ಸಣ್ಣ 12 ವೋಲ್ಟ್ ಯುಪಿಎಸ್ ಹಾಕಿ ನೋಡಿದ್ರು ಒಬ್ರು, ಡಿಸ್ಕಿನ ಮೊದಲ ಎಳೆತಕ್ಕೆ ಅದು ಸುಸ್ತಾಗಿ ಮಲಗ್ತು.

ಏಪ್ರಿಲ್ ಮೇ ಗುಡುಗಿನ ಕಾಲದಲ್ಲಿ ಪ್ಲಗ್ ಕೀಳೋ ಅಭ್ಯಾಸ ನಮ್ಮೋರಿಗೆಲ್ಲ ಇದೆ. ಆದ್ರೆ ಪ್ಲಗ್ ಒಂದೇ ಕಿತ್ತು ಸುಮ್ನಾಗ್ತಾರೆ. ತೋಟದ ತುದಿಯಿಂದ ನೂರಡಿ ಕೇಬಲ್ ಎಳ್ಕೊಂಡು ಬಂದಿರ್ತೀವಲ್ಲ, ಸಿಡಿಲಿನ ಏಟು ಅದರ ಮೂಲಕವೂ ಬರತ್ತೆ, ರೂಟರಿಂದ ಬರೋ ಲ್ಯಾನ್ ಕೇಬಲ್ ಮೂಲಕವೂ ಬರತ್ತೆ. ಹತ್ತಿರದಲ್ಲಿ ಗುಡುಗು ಶುರು ಆಗೋಕೆ ಮುಂಚೆನೇ ಶಟ್‌ಡೌನ್ ಕೊಟ್ಟು ಬಿಎನ್‌ಸಿ, ಲ್ಯಾನ್, ಪವರ್ ಮೂರೂ ಬಿಡಿಸಿ. ತಲೆ ಮೇಲೇ ಸಿಡಿಲು ಹೊಡೀತಾ ಇರೋವಾಗ ಕೇಬಲ್ ಮುಟ್ಟೋಕೆ ಹೋಗ್ಬೇಡಿ, ಡಿವಿಆರ್ ಹೋದ್ರೆ ಹೋಗ್ಲಿ.

ಇಡೋ ಜಾಗ. ಅಕ್ಕ ಡಿವಿಆರ್ ಮೇಲೆ ಧೂಳು ಕೂರತ್ತೆ ಅಂತ ಕ್ರೋಶಾ ಬಟ್ಟೆ ಹೊದಿಸಿ ಅದರ ಮೇಲೆ ಗಣಪತಿ ಇಟ್ಟಿದ್ಲು. ಗಣಪತಿಯನ್ನ ಸ್ಟ್ಯಾಂಡಿಗೆ ಸಾಗಿಸಿದ್ವಿ. ಸುತ್ತ ನಾಲ್ಕು ಬೆರಳು ಗಾಳಿ ಆಡಬೇಕು, ಬಿಸಿ ಆಗಿದ್ದಷ್ಟೂ ಡಿಸ್ಕಿನ ಆಯಸ್ಸು ಕಡಿಮೆ. ಹಾಗಂತ ಹೊರ ಗೋಡೆಗೆ ಒತ್ತಿನೂ ಇಡ್ಬೇಡಿ, ಮಳೆಗಾಲದಲ್ಲಿ ಆ ಗೋಡೆ ಬೆವರತ್ತೆ. ಆಗುಂಬೆ, ತೀರ್ಥಹಳ್ಳಿ ಕಡೆಯೋರಿಗೆ ಒಂದು ಮಾತು, ಮಳೆಗಾಲ ಪೂರ್ತಿ ಡಿವಿಆರ್ ಆಫ್ ಮಾಡಿ ಮುಚ್ಚಿಡೋದಕ್ಕಿಂತ ಓಡಿಸ್ತಾ ಇರೋದೇ ವಾಸಿ, ಅದರ ಬಿಸಿಗೇ ಒಳಗೆ ಥಂಡಿ ಹಿಡಿಯಲ್ಲ.

ಹಳೇ ಡಿಸ್ಕ್ ಏನು ಮಾಡೋದು

ಅದನ್ನ ಕಂಪ್ಯೂಟರಿಗೆ ಹಾಕಿದ್ರೆ ವಿಂಡೋಸ್ ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳತ್ತೆ, ಡಿವಿಆರ್‌ಗಳು ತಮ್ಮದೇ ಬೇರೆ ರೀತೀಲಿ ಬರೆದಿರ್ತಾವೆ, ಅದಕ್ಕೆ ಓದೋಕೆ ಬರಲ್ಲ. ಆಗ ಹೂಂ ಅಂದುಬಿಟ್ರೆ ಎಲ್ಲ ಹೋಗತ್ತೆ, ಬೇಡ ಅನ್ನಿ. ಅದೇ ಡಿವಿಆರ್‌ಗೆ ವಾಪಸ್ ಹಾಕಿದ್ರೆ ಹಳೇ ರೆಕಾರ್ಡಿಂಗ್ ಪ್ಲೇ ಆಗತ್ತೆ, ಹಾಗಾಗಿ ಕೇಸು ಗೀಸು ನಡೀತಾ ಇದ್ರೆ ಒಂದಿಷ್ಟು ತಿಂಗಳು ಹಾಗೇ ತೆಗೆದಿಡಿ. ಹೊಸ ಡಿಸ್ಕಿನ ಕವರಲ್ಲೇ ಹಾಕಿ, ಜೊತೆಗೆ ಶೂ ಡಬ್ಬಿಲಿ ಬರೋ ಸಿಲಿಕಾ ಜೆಲ್ ಪುಡಿಕೆ ಎರಡು ಹಾಕಿ, ಬಿಗಿ ಮುಚ್ಚಳದ ಡಬ್ಬಿಲಿಡಿ, ಮೇಲೆ ಯಾವ ತಾರೀಕಿಂದ ಯಾವ ತಾರೀಕಿನ ತನಕದ್ದು ಅಂತ ಬರೀರಿ. ಭಾವನ 500 ಜಿಬಿ ಈಗ ಅಕ್ಕನ ಹಪ್ಪಳದ ಡಬ್ಬಿಲಿದೆ. ಚಿರತೆ ಅದರಲ್ಲೇ ಇದೆ, ಫಾರ್ಮ್ಯಾಟ್ ಮಾಡೋಕೆ ಬಿಡ್ತಾ ಇಲ್ಲ.